ಹೊಸ ವಿಂಡೋಸ್ ಹಾಕೋದಾ, ಬ್ಯಾಡಾ? ಮೊದಲು ನಮ್ಮ ಕನ್ನಡ ಫೈಲು ನೋಡ್ರಿ



ಈಗೀಗ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಕನ್ನಡ ಶಾಲೆಯ ಮಾಸ್ತರರು ಕೇಳ್ತಾರ, ಲಗ್ನಪತ್ರಿಕೆ ಮಾಡೋ ಡಿಟಿಪಿ ಅಂಗಡಿಯವರು ಕೇಳ್ತಾರ, ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಾಗ ಲೆಕ್ಕ ಬರೆಯೋ ಹುಡುಗರು ಕೇಳ್ತಾರ: "ನಮ್ಮ ಕಂಪ್ಯೂಟರಿನಾಗ ವಿಂಡೋಸ್ 10 ಅದ. ಅದರ ಕಾಲ ಮುಗೀತು ಅಂತಾರಲ್ಲ, 11 ಹಾಕೋದಾ, ಬ್ಯಾಡಾ?"

ಇದು ಬರೀ ಮಷೀನಿನ ಪ್ರಶ್ನೆ ಅಂತ ಮೊದಲು ನಾವೂ ತಿಳಿದಿದ್ದೆವು. ಅಲ್ಲ ಅನ್ನೋದು ಪೆಟ್ಟು ತಿಂದ ಮೇಲೆ ಗೊತ್ತಾಯಿತು.

ಕೆಲವು ವರ್ಷದ ಹಿಂದೆ ನಮ್ಮ ಮಂಡಳದ ಹಳೇ ಕಂಪ್ಯೂಟರ್ ಬಹಳ ನಿಧಾನ ಆಗಿತ್ತು. ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಸಿದೆವು. ಫೈಲೆಲ್ಲ ಬೇರೆ ಡ್ರೈವಿನಾಗ ಸುರಕ್ಷಿತ ಇದ್ದವು. ತೆಗೆದು ನೋಡಿದರೆ ಒಂದಕ್ಷರ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಅಲ್ಪವಿರಾಮ ಎಲ್ಲ ಕಲಸಿ ಚೆಲ್ಲಿದಂಗ ಇತ್ತು. ವೈರಸ್ ಬಂದದ ಅಂತ ಹೆದರಿ ನಮ್ಮ ಹುಡುಗರು ಬಹಳಷ್ಟು ಫೈಲು ಅಳಿಸಿಯೇಬಿಟ್ಟರು. ಅದರಾಗ ಒಂದು ಕನ್ನಡ ಶಾಲೆಗೆ ಶಿಕ್ಷಕರು ಬೇಕು ಅಂತ ವರ್ಷಾನುಗಟ್ಟಲೆ ಕೊಟ್ಟಿದ್ದ ಮನವಿಗಳೂ ಹೋದವು. ಮುಂದೆ ಒಂದು ದಿನ ಕಚೇರಿಯಾಗ "ಹಿಂದೆ ಕೊಟ್ಟ ಅರ್ಜಿಯ ಪ್ರತಿ ಎಲ್ಲದ?" ಅಂತ ಕೇಳಿದಾಗ ಮೇಜಿನ ಮೇಲೆ ಇಡಲಿಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ.

ಆ ಫೈಲು ಕೆಟ್ಟಿರಲೇ ಇಲ್ಲ. ಕಾಣೆಯಾದದ್ದು ಫಾಂಟ್ ಮಾತ್ರ. ಅದನ್ನ ಮತ್ತೆ ಹಾಕಿದ್ದರೆ ಎರಡು ನಿಮಿಷದಾಗ ಕನ್ನಡ ತಿರುಗಿ ಬರ್ತಿತ್ತು.

ಯಾಕೆ ಹಿಂಗಾಗ್ತದ? ಹಳೇ ಪದ್ಧತಿಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರೋದಿಲ್ಲ. ಅದು ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ ಇಟ್ಟುಕೊಂಡಿರ್ತದ, ಫಾಂಟ್ ಅದರ ಮೇಲೆ ಕನ್ನಡದ ಚಿತ್ರ ತೋರಿಸ್ತದ. ಫಾಂಟ್ ತೆಗೆದರೆ ಒಳಗಿನ ಇಂಗ್ಲಿಷ್ ಹೊರಗೆ ಬರ್ತದ. ಯೂನಿಕೋಡ್ ಹಂಗಲ್ಲ. ಅದರಾಗ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಉಂಟು. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡಕ್ಕೆ ಜಾಗ ಅದ. 2001ರ ವಿಂಡೋಸ್ ಎಕ್ಸ್‌ಪಿಯೊಳಗೇ 'ತುಂಗಾ' ಅನ್ನೋ ಯೂನಿಕೋಡ್ ಕನ್ನಡ ಫಾಂಟ್ ಬಂದಿತ್ತು. ಮೊಬೈಲಿನಾಗ ನಾವು ದಿನಾ ಕಳಿಸೋ ಕನ್ನಡ ಮೆಸೇಜೆಲ್ಲ ಯೂನಿಕೋಡೇ. ಅಂದರೆ ಕಿಸೆಯಲ್ಲಿರೋ ಫೋನು ಮುಂದೆ ಹೋಗ್ಯದ, ಮೇಜಿನ ಮೇಲಿನ ಕಂಪ್ಯೂಟರ್ ಹಿಂದೆ ಉಳಿದದ.

ನುಡಿ, ಬರಹಗಳನ್ನ ನಾವು ಬೈಯುತ್ತಿಲ್ಲ. ಅವು ಇರದಿದ್ದರೆ ನಮ್ಮ ತಲೆಮಾರು ಕಂಪ್ಯೂಟರಿನಾಗ ಕನ್ನಡ ಬರೆಯೋದು ಯಾವಾಗ ಕಲಿತಿತ್ತೋ! ಈಗ ಆ ತಂತ್ರಾಂಶಗಳಲ್ಲೂ ಯೂನಿಕೋಡ್‌ನಲ್ಲಿ ಬರೆಯಲು ಬರ್ತದ. ಹಳೇ ರೂಢಿ ಬಿಡಬೇಕಾದವರು ನಾವು.

ಈಗ ಮೂಲ ಪ್ರಶ್ನೆಗೆ ಬರೋಣ. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕಂಪ್ಯೂಟರ್ ಮರುದಿನವೂ ಚಾಲೂ ಆಗ್ತದ, ನಿಜ. ಆದರೆ ಹೊಸದಾಗಿ ಸಿಕ್ಕ ಕಿಂಡಿಗಳನ್ನ ಮುಚ್ಚುವವರು ಇಲ್ಲ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಬಂದಾಗ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳೇ ಬಂದ್ ಬಿದ್ದವು. ಅದನ್ನ ತಡೆಯೋ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಹೇಳ್ತೇವೆ: ಅಪ್‌ಡೇಟ್ ಇಲ್ಲದ ಕಂಪ್ಯೂಟರಿನಾಗ ನೆಟ್ ಬ್ಯಾಂಕಿಂಗ್ ಮಾಡಬ್ಯಾಡ್ರಿ. ಶಾಲೆಯ ಮಕ್ಕಳ ಆಧಾರ್ ನಂಬರು ಇಡಬ್ಯಾಡ್ರಿ. ಆದ್ದರಿಂದ "ಇದ್ದಂಗ ಇರಲಿ ಬಿಡ್ರಿ" ಅನ್ನೋದು ಉತ್ತರ ಅಲ್ಲ.

ಹಾಗಂತ ಎಲ್ಲರೂ ಹೊಸ ಕಂಪ್ಯೂಟರ್ ಕೊಳ್ಳಬೇಕಂತನೂ ಇಲ್ಲ. ನಮ್ಮ ಸಲಹೆ ಇಷ್ಟು.

ಮೊದಲನೇದು: ನಿಮ್ಮ ಮಷೀನು 11ಕ್ಕೆ ಆಗ್ತದೋ ಇಲ್ಲೋ ನೋಡ್ರಿ. ಕಡಿಮೆ ಅಂದರೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ಪು ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಮೈಕ್ರೋಸಾಫ್ಟಿನ 'ಪಿಸಿ ಹೆಲ್ತ್ ಚೆಕ್' ಪುಕ್ಕಟೆ ಸಿಗ್ತದ, ಅದೇ ಹೇಳ್ತದ. ಕೆಲವು ಮಷೀನಿನಾಗ ಟಿಪಿಎಂ ಇದ್ದರೂ ಬಯೋಸ್‌ನಾಗ ಆಫ್ ಇರ್ತದ. "ಆಗೋದಿಲ್ಲ, ಹೊಸದು ತಗೋರಿ" ಅಂತ ಯಾರಾದರೂ ಅಂದರೆ ಮೊದಲು ಅದನ್ನ ನೋಡಿಸ್ರಿ. ಆಗ್ತದ ಅಂದರೆ 11ಕ್ಕೆ ಹೋಗ್ರಿ. ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡಿದರೆ ನಿಮ್ಮ ಫೈಲು, ಫಾಂಟು ಸಾಮಾನ್ಯವಾಗಿ ಹಂಗೇ ಉಳೀತಾವ. ಫಾರ್ಮ್ಯಾಟ್ ಮಾಡಿದರೆ ಉಳಿಯೋದಿಲ್ಲ. ಯಾವುದೇ ಆಗಲಿ, ಪೆನ್‌ಡ್ರೈವಿನಾಗ ಒಂದು ಪ್ರತಿ ಇಡದೆ ಕೈ ಹಚ್ಚಬ್ಯಾಡ್ರಿ.

ಎರಡನೇದು: ಮಷೀನು ಹಳೇದಾ? ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆ ಅದ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿದರೆ ಬೇರೆ ದುಡ್ಡು ಕೊಡಬೇಕಿಲ್ಲ. ಅದು ಉಸಿರಾಡಲಿಕ್ಕೆ ಸಿಕ್ಕ ಸಮಯ, ಕಾಯಂ ಪರಿಹಾರ ಅಲ್ಲ.

ಮೂರನೇದು: ಆಮೇಲೆ ಲಿನಕ್ಸ್ ಅದ, ಪುಕ್ಕಟೆ ಅದ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ಕ್ಕೆ 5 ವರ್ಷ ಅಪ್‌ಡೇಟ್ ಉಂಟು. ಇನ್ನೂ ಹಗುರ ಬೇಕಂದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡ್ರಿ. ಅಲ್ಲಿನ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಅಂತ ಒಂದು ವಿನ್ಯಾಸ ಅದ. ಕನ್ನಡ ಗಣಕ ಪರಿಷತ್ತಿನ ಹೆಸರಿನದೇ ಅದು, ನುಡಿಯಲ್ಲಿ ಬರೆದು ಕೈ ಪಳಗಿದವರಿಗೆ ತೊಂದರೆ ಆಗೋದಿಲ್ಲ. ಅದೇ ವಿನ್ಯಾಸ ಮರಾಠಿಗೂ ಅದ. ಮೇಲೆ ಮರಾಠಿ, ಕೆಳಗೆ ಕನ್ನಡ ಬರೆದು ಅರ್ಜಿ ಕೊಡೋ ನಮ್ಮಂಥವರಿಗೆ ಇದಕ್ಕಿಂತ ಏನು ಬೇಕು? ಆದರೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶದ ಮೇಲೇ ಅಂಗಡಿ ನಡೆಯೋದಾದರೆ ಈ ದಾರಿ ಹಿಡಿಯೋ ಮೊದಲು ವಿಚಾರ ಮಾಡ್ರಿ.

ಆದರೆ ಈ ಮೂರಕ್ಕೂ ಮೊದಲು ಮಾಡೋ ಕೆಲಸ ಒಂದದ. ಹಳೇ ಕನ್ನಡ ಫೈಲುಗಳನ್ನ ಯೂನಿಕೋಡಿಗೆ ತರ್ರಿ. ಪರಿವರ್ತಕಗಳು ಸಿಗ್ತಾವ. ಆದರೆ ಕಣ್ಣು ಮುಚ್ಚಿ ನಂಬಬ್ಯಾಡ್ರಿ: ಅರ್ಕಾವತ್ತು, ಒತ್ತಕ್ಷರ ತಪ್ತಾವ. ನಡುವೆ ಇಂಗ್ಲಿಷ್ ಶಬ್ದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡ ಆಗಿಬಿಡ್ತದ. ಹೆಸರು, ತಾರೀಖು, ಸರ್ವೇ ನಂಬರು ಒಬ್ಬರು ಓದಬೇಕು, ಇನ್ನೊಬ್ಬರು ಹಳೇ ಕಾಗದ ಹಿಡಿದು ತಾಳೆ ನೋಡಬೇಕು. ಮೂಲ ಫೈಲನ್ನೂ, ಅದರ ಫಾಂಟನ್ನೂ ಒಂದೇ ಫೋಲ್ಡರಿನಾಗ ಇಟ್ಟಿರ್ರಿ.

ಇಷ್ಟು ಒತ್ತಿ ಹೇಳೋದು ಯಾಕಂದರೆ, ಸಂವಿಧಾನದ 350ನೇ ವಿಧಿ ನಮಗೊಂದು ಹಕ್ಕು ಕೊಟ್ಟದ. ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ, ನಮ್ಮ ದೂರು ನಾವು ಬರೆದು ಕೊಡಬಹುದು. ಆ ಹಕ್ಕಿನಿಂದ ಕನ್ನಡದಾಗ ಇಮೇಲ್ ಕಳಿಸಿದೆವು ಅಂದುಕೊಳ್ರಿ. ಹಳೇ ಫಾಂಟಿನ ಫೈಲಾದರೆ ಸೋಲಾಪುರದ ಕಚೇರಿಯಾಗ ಅದು ಕಸದಂಗ ಕಾಣ್ತದ. "ಓದಲಿಕ್ಕೆ ಬರೋದಿಲ್ಲ" ಅಂತ ತಿರುಗಿ ಕಳಿಸಲಿಕ್ಕೆ ಅವರಿಗೆ ನಾವೇ ಕಾರಣ ಕೊಟ್ಟಂಗ. ಅದೇ ಯೂನಿಕೋಡಿನಾಗ ಇದ್ದರೆ ಅವರ ಕಂಪ್ಯೂಟರಿನಾಗೂ ಕನ್ನಡ ಕನ್ನಡವಾಗೇ ಕಾಣ್ತದ. ಆಗ ಓದಿಸಿಕೊಳ್ಳೋ ಜವಾಬ್ದಾರಿ ಅವರದು.

ಗಡಿಯಾಚೆ ಇರೋ ನಮ್ಮ ಪಾಲಿಗೆ ಹಳೇ ಕಾಗದವೇ ಸಾಕ್ಷಿ. ಯಾವ ಶಾಲೆಗೆ ಯಾವ ವರ್ಷ ಎಷ್ಟು ಮಕ್ಕಳಿದ್ದರು, ಯಾರಿಗೆ ಯಾವಾಗ ಮನವಿ ಕೊಟ್ಟೆವು, ಏನು ಉತ್ತರ ಬಂತು, ಇದನ್ನೆಲ್ಲ ನಮ್ಮ ಬದಲಿಗೆ ಬೇರೆ ಯಾರೂ ಕಾಯ್ದಿಡೋದಿಲ್ಲ.

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡ್ರಿ. ನಿಮ್ಮ ಊರಿನ ಕನ್ನಡ ಶಾಲೆಗೋ, ವಾಚನಾಲಯಕ್ಕೋ, ಮಂಡಳಕ್ಕೋ ಇಬ್ಬರು ಹೋಗ್ರಿ. ಮುಖ್ಯಾಧ್ಯಾಪಕರನ್ನ ಕೇಳಿ ಕಂಪ್ಯೂಟರ್ ಚಾಲೂ ಮಾಡ್ರಿ. ಎಲ್ಲಕ್ಕಿಂತ ಹಳೇ ಕನ್ನಡ ಫೈಲು ಒಂದು ತೆಗೆದು ನಿಮ್ಮ ಮೊಬೈಲಿಗೆ ಕಳಿಸಿಕೊಳ್ರಿ. ಮೊಬೈಲಿನಾಗ ಕನ್ನಡ ಕಂಡರೆ ನಿಶ್ಚಿಂತೆಯಿಂದ ಹೊಸ ವಿಂಡೋಸ್ ಹಾಕ್ರಿ. ಕಾಣದಿದ್ದರೆ ಅಲ್ಲೇ ಕೂತು ಯೂನಿಕೋಡಿಗೆ ತರೋ ಕೆಲಸ ಸುರು ಮಾಡ್ರಿ. ನಾವು ಅಳಿಸಿದಂಗ ನೀವು ಅಳಿಸಬ್ಯಾಡ್ರಿ.