ಚಿತ್ರಗಳ ತಾರತಮ್ಯ: ಪತಾಕೆಯು ಯಾರಿಗೆ ಸಲ್ಲಬೇಕು?

2022ನೆಯ ಇಸವಿಯು ಕನ್ನಡ ಚಲಚ್ಚಿತ್ರಕ್ಕೆ ಭಾಗ್ಯದ ವರ್ಷವೆಂದು ಎಲ್ಲರೂ ಕೊಂಡಾಡಿದರು. ಕೊಂಡಾಡಿದುದರಲ್ಲಿ ತಪ್ಪಿಲ್ಲ, ಕೊಂಡಾಡಿದ ಬಗೆಯು ಮಾತ್ರ ವಿಚಾರಾರ್ಹವಾದುದು. ಈ ಚಿತ್ರಕ್ಕೆ ಇಷ್ಟು ನೂರು ಕೋಟಿ, ಆ ಚಿತ್ರಕ್ಕೆ ಅಷ್ಟು ನೂರು ಕೋಟಿ ಎಂಬ ಲೆಕ್ಕವೇ ಗುಣನಿರ್ಣಯವೆನಿಸಿತು. ಮನೆಯ ಮಕ್ಕಳು ಕೂಡ ಚಿತ್ರವನ್ನು ನೋಡುವುದಕ್ಕೆ ಮೊದಲೇ ಅದರ ಗಳಿಕೆಯನ್ನು ಬಾಯಿಪಾಠವಾಗಿ ಒಪ್ಪಿಸತೊಡಗಿದರು. ಹಣವು ಬಂದಿತೆಂದು ಬಂಡವಾಳಗಾರನು ಹಿಗ್ಗುವುದು ನ್ಯಾಯವೇ. ಆದರೆ ಅಕ್ಕಿಯ ಮಂಡಿಯ ತಕ್ಕಡಿಯನ್ನು ನಾಟ್ಯಮಂಟಪದೊಳಕ್ಕೆ ಹೊತ್ತು ತಂದವರು ಯಾರು?

ನಾಟ್ಯವನ್ನು ತೂಗುವ ಕ್ರಮವು ಈ ದೇಶದವರಿಗೆ ತಿಳಿಯದುದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ 27ನೆಯ ಅಧ್ಯಾಯವು ಇದಕ್ಕೆಂದೇ ಮೀಸಲಾಗಿದೆ. ಪ್ರಯೋಗದ ಸಿದ್ಧಿಯು ಮಾನುಷಿ, ದೈವಿ ಎಂದು ಎರಡು ಬಗೆ. ನಗು, ಕಂಬನಿ, ರೋಮಾಂಚ, ಭಲೆಯೆಂಬ ಉದ್ಗಾರ, ಪೀಠದಿಂದೆದ್ದು ವಸ್ತ್ರವನ್ನೋ ಉಂಗುರವನ್ನೋ ನೀಡುವುದು, ಇವೆಲ್ಲವೂ ಮಾನುಷಿ. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ತುಂಬಿದ ರಂಗವು ಮೈಮರೆತಿರುವುದು ದೈವಿ. ವಿವಾದವು ಹುಟ್ಟಿದಲ್ಲಿ ಪ್ರಾಶ್ನಿಕರು ಕುಳಿತುಕೊಳ್ಳಬೇಕು. ಯಜ್ಞವನ್ನು ಬಲ್ಲವನು, ನರ್ತಕ, ಛಂದೋವಿದ, ಶಾಬ್ದಿಕ, ಅರಸ, ಬಿಲ್ಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ, ಹೀಗೆ ಹತ್ತು ಮಂದಿ; ಒಬ್ಬೊಬ್ಬರೂ ತಾವು ಬಲ್ಲ ವಿಷಯದಲ್ಲಿ ಮಾತ್ರ ತೀರ್ಪು ಕೊಡತಕ್ಕವರು. ಲೇಖಕರೂ ಗಣಕರೂ ಅಲ್ಲಿ ಇದ್ದೇ ಇದ್ದರು. ಅವರು ಎಣಿಸಿದುದು ಸಿದ್ಧಿಗಳನ್ನು ಮತ್ತು ಘಾತಗಳನ್ನು, ಎಂದರೆ ಪ್ರಯೋಗಕ್ಕೆ ಒದಗಿದ ಕುಂದುಗಳನ್ನು, ಹೊನ್ನನ್ನಲ್ಲ. ಗೆದ್ದವನಿಗೆ ಪತಾಕೆಯು ದೊರೆಯುತ್ತಿದ್ದಿತು.

ರಂಗವು ತುಂಬಿರುವುದನ್ನು ಭರತನೇ ದೈವಿಸಿದ್ಧಿಯ ಲಕ್ಷಣವೆಂದು ಹೇಳಿರುವನಲ್ಲಾ, ಕೋಟಿಯ ಲೆಕ್ಕವೂ ಅದೇ ಅಲ್ಲವೆ, ಎಂದು ಪೂರ್ವಪಕ್ಷಿಯು ಕೇಳಬಹುದು. ಹೇಳಿರುವನು, ನಿಜ. ಆದರೆ ನಿಶ್ಶಬ್ದವೆಂಬ ವಿಶೇಷಣವನ್ನು ಕೈಬಿಟ್ಟು ತುಂಬಿದ ರಂಗವನ್ನು ಮಾತ್ರ ಎತ್ತಿಕೊಳ್ಳುವುದು ಸೂತ್ರದ ಅರ್ಧವನ್ನು ನುಂಗಿದಂತೆ. ತುಂಬಿದ್ದು ಸಿಳ್ಳೆಯಿಂದ ಒಡೆಯುವ ಮಂದಿರವು ಮಾನುಷಿಯ ಕೆಳಗಣ ಮೆಟ್ಟಿಲಿನಲ್ಲಿಯೇ ನಿಲ್ಲುವುದು.

ಈ ಅಳತೆಯಿಂದ ನೋಡಿದರೆ ಆ ವರ್ಷದ ಚಿತ್ರಗಳಲ್ಲಿ ಮೊದಲನೆಯ ಸ್ಥಾನವು ಜೂನ್ 10ರಂದು ತೆರೆಗೆ ಬಂದ ಕಿರಣ್‌ರಾಜರ '777 ಚಾರ್ಲಿ'ಗೆ ಸಲ್ಲತಕ್ಕುದು. ಇದರ ಕಥಾನಾಯಕನ ಹೆಸರು ಧರ್ಮ. ಬಂಧುಗಳಿಲ್ಲದ, ನೆರೆಯವರ ನಂಟಿಲ್ಲದ, ಸಿಡುಕಿನ ಮನುಷ್ಯನವನು. ಅವನ ಮನೆಯನ್ನು ಹೊಕ್ಕ ಹೆಣ್ಣುನಾಯಿಯೊಂದು ವಾಸಿಯಾಗದ ರೋಗಕ್ಕೆ ತುತ್ತಾದಾಗ, ಅದಕ್ಕೆ ಹಿಮವನ್ನು ತೋರಿಸಬೇಕೆಂದು ಉತ್ತರದಿಕ್ಕಿಗೆ ಹೊರಡುವನು. ಧರ್ಮ, ನಾಯಿ, ಹಿಮವತ್ಪರ್ವತ: ಮಹಾಭಾರತವನ್ನು ಓದಿದವರಿಗೆ ಮಹಾಪ್ರಸ್ಥಾನಿಕಪರ್ವವು ನೆನಪಿಗೆ ಬಾರದಿರದು. ಅಲ್ಲಿ ನಾಯಿಯು ಧರ್ಮರಾಜನನ್ನು ಹಿಂಬಾಲಿಸುವುದು. ಅದನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದು ಅವನು ಇಂದ್ರನೊಡನೆ ವಾದಿಸುವನು. ಇಲ್ಲಿಯಾದರೋ ನಾಯಿಗಾಗಿಯೇ ಧರ್ಮನು ನಡೆಯುವನು. ರಥವು ಇಳಿಯುವುದಿಲ್ಲ, ನಾಯಿಯು ದೇವತೆಯಾಗಿ ಮಾರ್ಪಡುವುದಿಲ್ಲ, ಸಾಯುತ್ತದೆ. ವ್ಯಾಸನು ಆನೃಶಂಸ್ಯವೆಂದು ಹೊಗಳಿದ ಗುಣವು, ಅನ್ಯಜೀವಿಯ ವಿಷಯದಲ್ಲಿ ಕ್ರೂರನಾಗದಿರುವ ಗುಣವು, ಫಲದಾಸೆಯಿಲ್ಲದೆ ಇಲ್ಲಿ ಕಾಣಿಸಿಕೊಂಡಿದೆ. ಅಳತೆ ಮೀರಿದ ಉದ್ದವೂ, ಒಮ್ಮೆ ಅತ್ತವರನ್ನು ಮತ್ತೊಮ್ಮೆ ಅಳಿಸುವ ಹಟವೂ ಘಾತಗಳೇ ಸರಿ. ಆದರೂ ಮೊದಲಿನಿಂದ ಕಡೆಯವರೆಗೆ ಸ್ಥಾಯಿಯು ಒಂದೇ ಆಗಿದ್ದು ಕರುಣವಾಗಿ ಪಕ್ವವಾಗುವುದು.

ಎರಡನೆಯದು ಸೆಪ್ಟೆಂಬರ್ 30ರಂದು ಬಂದ ರಿಷಭ್ ಶೆಟ್ಟರ 'ಕಾಂತಾರ'. ಇದನ್ನು ಎರಡನೆಯದೆಂದರೆ ಬಹುಮಂದಿಗೆ ಕೋಪವು ಬರುವುದು. ಕಡೆಯ ಭಾಗವೊಂದನ್ನೇ ತೂಗುವುದಾದರೆ ಆ ವರ್ಷದಲ್ಲಿ ಅದಕ್ಕೆ ಎಣೆಯಿಲ್ಲ. ಗುಳಿಗನು ಮೈಮೇಲೆ ಬಂದ ಶಿವನು ಅಬ್ಬರಿಸಿ, ಬಳಿಕ ಕೋಲದಲ್ಲಿ ಒಂದು ಮಾತನ್ನೂ ಆಡದೆ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಕೂಡಿಸುವಲ್ಲಿ ಭರತನು ಹೇಳಿದ ದೈವಿಸಿದ್ಧಿಯೇ ಮೂಡುವುದು: ತೆರೆಯ ಮೇಲೆ ಕೂಗು ಏರಿದಷ್ಟೂ ಮಂದಿರವು ಮೌನವಾಗುವುದು. ಅರಸನು ಕೊಟ್ಟ ಭೂಮಿ, ಧಣಿಯ ಆಸೆ, ಅರಣ್ಯದ ಕಾನೂನು, ಈ ಮೂರರ ನಡುವೆ ಸಿಕ್ಕಿಕೊಂಡ ಕಾಡಂಚಿನ ಜನರ ಪಾಡು ತುಳುನಾಡಿನಲ್ಲಿ ಕಟ್ಟುಕಥೆಯಲ್ಲ. ಆದರೆ ಆ ಕಡೆಯ ಭಾಗವನ್ನು ಸೇರುವುದಕ್ಕೆ ಮೊದಲು ಪ್ರೇಕ್ಷಕನು ಎಷ್ಟು ಒರಟು ಪರಿಹಾಸವನ್ನು ದಾಟಬೇಕು! ನಾಯಕನು ಲೀಲೆಯ ಸೊಂಟವನ್ನು ಚಿವುಟುವುದು ಶೃಂಗಾರವೆಂದು ಯಾವ ಲಕ್ಷಣಗ್ರಂಥವು ಹೇಳಿದೆ? ಅದು ಶೃಂಗಾರಾಭಾಸ. ತನ್ನ ಊರಿನ ನೆಲಕ್ಕೇ ಸರ್ಕಾರದ ಪರವಾಗಿ ಎಲ್ಲೆಯನ್ನು ಗುರುತಿಸಬೇಕಾಗಿ ಬಂದ ಅರಣ್ಯರಕ್ಷಕಿಯವಳು. ಅವಳ ಧರ್ಮಸಂಕಟದಲ್ಲಿ ಒಂದು ನಾಟಕವೇ ಇತ್ತು. ಕವಿಯು ಅದನ್ನು ಕಾಣಲಿಲ್ಲ. ಶಿಖರವು ಎಷ್ಟೇ ಎತ್ತರವಾಗಿದ್ದರೂ ಭಿತ್ತಿಯು ಬಿರುಕುಬಿಟ್ಟ ದೇಗುಲಕ್ಕೆ ಪ್ರಥಮ ಪತಾಕೆಯನ್ನು ಕಟ್ಟಲಾಗದು.

'ಗಂಧದ ಗುಡಿ'ಯನ್ನು ಈ ಎಣಿಕೆಗೆ ಸೇರಿಸುವುದೇ ಸಲ್ಲದು. ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಚಿತ್ರವು ಸರಿಯಾಗಿ ವರ್ಷ ತುಂಬುವ ಹೊತ್ತಿಗೆ ಬಂದಿತು. ಜನರು ಸುರಿಸಿದ ಕಣ್ಣೀರು ಲೌಕಿಕವಾದ ಶೋಕ; ಕರುಣರಸವಲ್ಲ. ಅದನ್ನು ತೂಗಹೊರಡುವವನು ಶ್ರಾದ್ಧದ ಮನೆಯಲ್ಲಿ ಅಡಿಗೆಯ ರುಚಿಯನ್ನು ವಿಮರ್ಶಿಸಿದವನಾಗುವನು.

ಇನ್ನು ಏಪ್ರಿಲ್ 14ರಂದು ಬಂದ 'ಕೆ.ಜಿ.ಎಫ್.'ದ ಎರಡನೆಯ ಭಾಗ. ಪ್ರಶಾಂತ್ ನೀಲರ ಕೈಚಳಕವನ್ನು ಅಲ್ಲಗಳೆಯುವಂತಿಲ್ಲ. ಛಾಯೆ, ಕತ್ತರಿ, ಕಾಳಗದ ಕ್ರಮ, ಇವುಗಳಲ್ಲಿ ಬಿಲ್ಗಾರ ಪ್ರಾಶ್ನಿಕನು ಸಂತೋಷದಿಂದ ತಲೆದೂಗುವನು. ಉಳಿದವರು? ಇದು ವೀರರಸವೆಂದು ಹೊಗಳುವವರು ಲಕ್ಷಣವನ್ನು ಮರೆತಿರುವರು. ವೀರಕ್ಕೆ ಉತ್ಸಾಹವು ಸ್ಥಾಯಿ. ಅದು ಉತ್ತಮಪ್ರಕೃತಿಯನ್ನು ಆಶ್ರಯಿಸುವುದು. ಕ್ರೋಧವು ಸ್ಥಾಯಿಯಾದರೆ ಅದು ರೌದ್ರ. ರಾಕ್ಷಸರಿಗೂ ದಾನವರಿಗೂ ಉದ್ಧತಮನುಷ್ಯರಿಗೂ ಸೇರಿದುದೆಂದು ಭರತನು ಸ್ಪಷ್ಟವಾಗಿ ಹೇಳಿರುವನು. ರೌದ್ರವೂ ರಸವೇ, ಆದರೆ ರೌದ್ರದ ನಾಯಕನನ್ನು ವೀರನೆಂದು ಮಕ್ಕಳಿಗೆ ತೋರಿಸುವುದು ಸುಳ್ಳು ಪಾಠ. ತಾಯಿಗೆ ಕೊಟ್ಟ ಮಾತಿಗಾಗಿ ರಾಕಿಯು ಚಿನ್ನದೊಡನೆ ಸಮುದ್ರದಲ್ಲಿ ಮುಳುಗುವನು. ಅಗೆದವರಿಗೆ ದೊರೆತುದೇನು? ಕೋಲಾರದ ಚಿನ್ನದ ಗಣಿಯೆಂಬುದು ಕಲ್ಪನೆಯ ಊರಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪೆನಿಯು ಅಗೆಯಿಸಿದ, ಮೂರು ಕಿಲೋಮೀಟರಿಗೂ ಆಳಕ್ಕೆ ಜನರು ಇಳಿದ ಗಣಿಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಅಲ್ಲಿಗೆ. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ಆಮೇಲೆ ಆ ಊರಿನ ಸಾವಿರಾರು ಮಂದಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಊರಿನ ಹೆಸರಿನ ಮೂರು ಅಕ್ಷರಗಳನ್ನು ತೆಗೆದುಕೊಂಡು ಊರನ್ನು ಬಿಟ್ಟ ಕಥೆಗೆ ಮೂರನೆಯ ಸ್ಥಾನವೇ ಧಾರಾಳ.

ಹೀಗಿರುವಾಗ 2024ರ ಆಗಸ್ಟ್ ತಿಂಗಳಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ 2022ರ ಉತ್ತಮ ಕನ್ನಡ ಚಿತ್ರವೆಂಬ ಬಿರುದು ಈ ಮೂರನೆಯದಕ್ಕೇ ಸಂದಿತು! 'ಕಾಂತಾರ'ಕ್ಕೆ ಜನಪ್ರಿಯತೆಯ ಪ್ರಶಸ್ತಿಯೂ ಅದರ ನಾಯಕನಿಗೆ ಉತ್ತಮ ನಟನೆಂಬ ಗೌರವವೂ ಬಂದವು, ಎರಡನೆಯದು ಯೋಗ್ಯವೇ. 'ಚಾರ್ಲಿ'ಗೆ 2021ರ ಲೆಕ್ಕದಲ್ಲಿ ಪ್ರಶಸ್ತಿಯು ಹಿಂದೆಯೇ ಸಂದಿದ್ದಿತು. ಜನರು ನೋಡಿದ ವರ್ಷವನ್ನು ಬಿಟ್ಟು ಪ್ರಮಾಣಪತ್ರದ ವರ್ಷವನ್ನು ಹಿಡಿಯುವ ನಿಯಮದಿಂದ ಒಂದೇ ವರ್ಷ ತೆರೆಕಂಡ ಚಿತ್ರಗಳು ಎದುರುಬದುರು ನಿಲ್ಲಲೇ ಇಲ್ಲ. ಗಡಿಯಾರದ ದೋಷವನ್ನು ನಿಯಮದ ಮೇಲೆ ಹೊರಿಸಬಹುದು. ರೌದ್ರವನ್ನು ವೀರವೆಂದು ಬಗೆದ ದೋಷವನ್ನು ಯಾರ ಮೇಲೆ ಹೊರಿಸುವುದು?

ಈ ಕ್ರಮವನ್ನು ಒಪ್ಪದ ವಾಚಕಮಹಾಶಯರು ಹಲವರಿರಬಹುದು. ಅವರು ತಮ್ಮ ಎಣಿಕೆಯನ್ನು ಸಿದ್ಧಿ ಘಾತಗಳ ಸಹಿತವಾಗಿ ಬರೆದು ಪತ್ರಿಕೆಗೆ ಕಳುಹಿಸಲಿ. ಕೋಟಿಗಳ ಪಟ್ಟಿಯನ್ನು ಮಾತ್ರ ಲಗತ್ತಿಸುವುದು ಬೇಡ.