ಹಿತ್ತಲ ಕೋಳಿಗೂ ವಾರ್ಡಿನಲ್ಲೊಂದು ಲಸಿಕೆ ದಿನ ಬೇಕು



ಕೋಳಿಯ ಉಸಿರಾಟದ ಕಾಯಿಲೆ ಎಂದರೆ ಒಂದೇ ಕಾಯಿಲೆಯಲ್ಲ. ಸೀನು, ಮೂಗಲ್ಲಿ ಸಿಂಬಳ, ಕಣ್ಣಿನ ಮೂಲೆಯಲ್ಲಿ ನೊರೆ, ಗಂಟಲಲ್ಲಿ ಗೊರಗೊರ ಸದ್ದು ಇವೆಲ್ಲ ಐದಾರು ಬೇರೆ ಬೇರೆ ರೋಗಗಳಲ್ಲಿ ಕಾಣಿಸುತ್ತವೆ. ಹಕ್ಕಿಜ್ವರ ಅವುಗಳಲ್ಲಿ ಒಂದು ಮಾತ್ರ. ಆದರೂ ಎಲ್ಲೋ ಹಕ್ಕಿಜ್ವರದ ಸುದ್ದಿ ಬಂತೆಂದರೆ ಬೆಂಗಳೂರಿನ ಸಾರಕ್ಕಿ, ಯಡಿಯೂರು, ಕದಿರೇನಹಳ್ಳಿ, ತಾವರೆಕೆರೆಯಂಥ ಹಳೇ ಊರುಗಳ ಓಣಿಗಳಲ್ಲಿ ನಾಲ್ಕು ನಾಟಿಕೋಳಿ ಸಾಕಿಕೊಂಡವರತ್ತ ಬೊಟ್ಟುಮಾಡುವುದು, ನಗರದೊಳಗೆ ಕೋಳಿ ಸಾಕುವುದನ್ನೇ ನಿಲ್ಲಿಸಬೇಕು ಎನ್ನುವುದು ರೂಢಿಯಾಗಿದೆ. ಬೆಂಗಳೂರಿನ ಆಸುಪಾಸಿನಲ್ಲಿ 2012ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ಖಚಿತವಾದದ್ದು ಯಾರದೋ ಹಿತ್ತಲಲ್ಲಲ್ಲ, ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ. ನಿಷೇಧದ ಮಾತಾಡುವವರಿಗೆ ಇದು ಸಾಮಾನ್ಯವಾಗಿ ನೆನಪಿರುವುದಿಲ್ಲ.

ಹಿತ್ತಲಲ್ಲಿ ಹೆಚ್ಚಾಗಿ ಕಾಣುವುದು ಸಿಆರ್‌ಡಿ ಎಂದು ಕರೆಯುವ ದೀರ್ಘಕಾಲದ ಉಸಿರಾಟದ ರೋಗ. ಮೈಕೊಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಕೋಳಿ ಮೇಯುತ್ತಲೇ ಇರುತ್ತದೆ, ಸೀನುತ್ತಲೂ ಇರುತ್ತದೆ. ಕಣ್ಣಿನ ಕೆಳಗೆ ಊದಿಕೊಳ್ಳುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಕೊರೈಜಾ ಎಂಬ ರೋಗ ಇನ್ನೂ ಚುರುಕು: ಎರಡು ಮೂರು ದಿನದಲ್ಲಿ ಮುಖವೆಲ್ಲ ಊದಿ, ಸಿಂಬಳಕ್ಕೆ ಕೊಳೆತ ವಾಸನೆ ಬರುತ್ತದೆ. ಕತ್ತು ನೀಳವಾಗಿ ಚಾಚಿ ಬಾಯಿ ತೆರೆದು ಉಸಿರೆಳೆಯುತ್ತ ರಕ್ತ ಬೆರೆತ ಕಫ ಕಾರಿದರೆ ಅದು ಶ್ವಾಸನಾಳದ ವೈರಸ್ ರೋಗವಾಗಿರಬಹುದು. ಬಾಯೊಳಗೆ ಹಳದಿ ಪೊರೆ ಕಂಡರೆ ಕೋಳಿ ಸಿಡುಬು ಇರಬಹುದು. ಬರೀ ಅನ್ನ ತಿಂದು ಬೆಳೆದ ಪೇಟೆಯ ಕೋಳಿಗೆ ಎ ಜೀವಸತ್ವದ ಕೊರತೆಯಿಂದಲೂ ಬಾಯಲ್ಲಿ ಬಿಳಿ ಗುಳ್ಳೆ ಎದ್ದು ಮೂಗು ಕಟ್ಟುತ್ತದೆ; ಅದಕ್ಕೆ ಔಷಧಿಗಿಂತ ನುಗ್ಗೆಸೊಪ್ಪೇ ಮೇಲು. ಇವೆಲ್ಲಕ್ಕಿಂತ ಘೋರವಾದದ್ದು ಹಳ್ಳಿಯವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್. ಕುಮಾವ್ ಬೆಟ್ಟದ ರಾಣಿಖೇತ್ ಊರಿನಲ್ಲಿ 1927ರಲ್ಲಿ ಕಾಣಿಸಿಕೊಂಡದ್ದರಿಂದ ಬಂದ ಹೆಸರು ಅದು. ಹಸಿರು ಹಿಕ್ಕೆ, ಜೋತುಬಿದ್ದ ರೆಕ್ಕೆ, ಉಳಿದುಕೊಂಡವುಗಳಲ್ಲಿ ತಿರುಚಿಕೊಂಡ ಕತ್ತು ಇದರ ಗುರುತು.

ರೋಗ ಯಾವುದಾದರೂ ಕೋಳಿ ಉಸಿರಾಡುವ ಬಗೆ ತಿಳಿದಿರಬೇಕು: ಅದಕ್ಕೆ ವಪೆ ಇಲ್ಲ. ಪುಪ್ಪುಸ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ. ಒಂಬತ್ತು ಗಾಳಿಚೀಲಗಳನ್ನು ಹಿಗ್ಗಿಸಿ ಕುಗ್ಗಿಸಿ, ಎದೆಮೂಳೆಯನ್ನು ಮೇಲೆ ಕೆಳಗೆ ಆಡಿಸಿಯೇ ಅದು ಉಸಿರಾಡಬೇಕು. ಆದ್ದರಿಂದ ಕಾಯಿಲೆಯ ಕೋಳಿಯನ್ನು ಎದೆ ಒತ್ತಿ ಹಿಡಿಯಬಾರದು. ಪಾಪ ಎಂದು ಮಕ್ಕಳು ಅಪ್ಪಿಕೊಂಡಾಗಲೇ ಉಸಿರುಕಟ್ಟಿ ಸಾಯುವುದುಂಟು. ಅಂಗೈ ಕೆಳಗಿಟ್ಟು, ರೆಕ್ಕೆ ಮಡಿಸಿ, ಎದೆ ಬಿಡುವಾಗಿರುವಂತೆ ಎತ್ತಬೇಕು.

ಆರೈಕೆಯಲ್ಲಿ ಮೊದಲು ಮಾಡಬೇಕಾದ್ದು ಬೇರೆ ಇಡುವುದು. ಮಂಕರಿ ಕವುಚಿ ಪಕ್ಕದಲ್ಲೇ ಕೂರಿಸಿದರೆ ಬೇರೆ ಇಟ್ಟಂತಾಗುವುದಿಲ್ಲ. ಗಾಳಿ, ನೀರಿನ ಬಟ್ಟಲು, ಮೇವು ಹಾಕುವವರ ಕೈ ಎಲ್ಲವೂ ರೋಗ ಸಾಗಿಸುತ್ತವೆ. ಹುಷಾರಾಗಿರುವ ಕೋಳಿಗೆ ಮೊದಲು ಮೇವು ನೀರು ಕೊಟ್ಟು, ರೋಗದ್ದನ್ನು ಕೊನೆಗೆ ನೋಡಿ, ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಕೋಳಿಯ ಮೈ ಬಿಸಿ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮೇವು ಬಿಟ್ಟ ಕೋಳಿಗೆ ಅದನ್ನು ಕಾಯ್ದುಕೊಳ್ಳುವುದೇ ಕಷ್ಟ. ಆಷಾಢದ ಜಿಟಿಜಿಟಿ ಮಳೆಯಲ್ಲಿ, ಡಿಸೆಂಬರಿನ ಚಳಿಯಲ್ಲಿ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿಯನ್ನು ರಟ್ಟಿನ ಪೆಟ್ಟಿಗೆಯ ಒಂದು ಬದಿಗಿಟ್ಟರೆ ಸಾಕು. ಬಿಸಿ ಹೆಚ್ಚಾದರೆ ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಗಾಳಿಯಾಡಬೇಕು, ಆದರೆ ಮೈಮೇಲೆ ನೇರ ಬೀಸಬಾರದು. ಹಾಸನ್ನು ದಿನವೂ ಬದಲಾಯಿಸಬೇಕು. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಶ್ವಾಸನಾಳದ ಒಳಪದರವನ್ನೇ ಸುಡುತ್ತದೆ. ಗೂಡಿನ ಹತ್ತಿರ ಸೊಳ್ಳೆಬತ್ತಿ, ಸಾಂಬ್ರಾಣಿ ಹೊಗೆ, ನೀಲಗಿರಿ ಎಣ್ಣೆ ಯಾವುದೂ ಬೇಡ.

ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಹೊಳ್ಳೆ, ಕಣ್ಣು ಒರೆಸಬೇಕು. ಮೂಗು ಕಟ್ಟಿದ ಕೋಳಿ ಒಣ ಕಾಳು ಮುಟ್ಟುವುದಿಲ್ಲ. ನೆನೆಸಿದ ಮೇವು, ತೆಳ್ಳನೆ ರಾಗಿ ಅಂಬಲಿ, ಬೇಯಿಸಿದ ಮೊಟ್ಟೆಯ ಭಂಡಾರ ತಿನ್ನಬಹುದು. ಕೊಕ್ಕು ಬಿಡಿಸಿ ನೀರು, ಎಣ್ಣೆ, ಮೆಣಸಿನ ಕಷಾಯ ಸುರಿಯುವ ಪದ್ಧತಿಯೇ ಎಷ್ಟೋ ಕೋಳಿಗಳನ್ನು ಕೊಲ್ಲುತ್ತದೆ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುವುದರಿಂದ ಸುರಿದದ್ದು ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದರೆ ಅದೇ ನುಂಗಿಕೊಳ್ಳುತ್ತದೆ.

ಔಷಧಿಯ ವಿಷಯದಲ್ಲೇ ಅನಾಹುತ ಹೆಚ್ಚು. ಕಾಯಿಲೆ ಯಾವುದೆಂದು ಹೇಳುವವರು ಹತ್ತಿರದಲ್ಲಿ ಸಿಗದಿದ್ದಾಗ ಜನ ಮೆಡಿಕಲ್ ಸ್ಟೋರಿಗೆ, ಇಲ್ಲವೇ ಮೇವಿನ ಅಂಗಡಿಗೆ ಹೋಗುತ್ತಾರೆ. ರಾಣಿಖೇತ್ ವೈರಸ್ಸಿನ ಮೇಲೆ ಯಾವ ಆಂಟಿಬಯಾಟಿಕ್ಕೂ ಕೆಲಸ ಮಾಡದು. ಮೈಕೊಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲವಾದ್ದರಿಂದ, ಆ ಭಿತ್ತಿಯನ್ನೇ ಒಡೆಯುವ ಅಮಾಕ್ಸಿಸಿಲಿನ್ ಅದಕ್ಕೆ ತಾಗುವುದಿಲ್ಲ. ಟೈಲೋಸಿನ್, ಟೆಟ್ರಾಸೈಕ್ಲಿನ್‌ನಂಥವು ರೋಗವನ್ನು ಅಡಗಿಸುತ್ತವೆ, ಅಳಿಸುವುದಿಲ್ಲ. ಚೇತರಿಸಿಕೊಂಡ ಕೋಳಿ ರೋಗಾಣುವನ್ನು ಹೊತ್ತೇ ಇರುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತದೆ. ಔಷಧಿ ಕೊಟ್ಟ ದಿನಗಳ ಮೊಟ್ಟೆಯಲ್ಲಿ ಅದರ ಅಂಶ ಉಳಿದು, ಆ ಮೊಟ್ಟೆ ಅದೇ ಮನೆಯ ಮಗುವಿನ ತಟ್ಟೆಗೆ ಬೀಳುತ್ತದೆ. ಮಾನವ ಚಿಕಿತ್ಸೆಯ ಕೊನೆಯ ಅಸ್ತ್ರಗಳಲ್ಲೊಂದಾದ ಕೊಲಿಸ್ಟಿನ್ ಅನ್ನು ಕೋಳಿ ಮುಂತಾದ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಆದರೆ ಚೀಟಿಯಿಲ್ಲದೆ ಪುಡಿ ಮಾರುವ ಅಂಗಡಿ ಇರುವವರೆಗೆ ಆದೇಶಗಳು ಕಾಗದದಲ್ಲೇ ಇರುತ್ತವೆ.

ರಾಣಿಖೇತಿಗೆ ಇರುವ ಉಪಾಯ ಲಸಿಕೆ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಎಫ್ ತಳಿಯ ಒಂದು ಹನಿ, ಎಂಟು ಹತ್ತು ವಾರಕ್ಕೆ ಆರ್2ಬಿ ಚುಚ್ಚುಮದ್ದು. ಲಸಿಕೆ ದೂರದಿಂದ ಬರಬೇಕಾದದ್ದೂ ಅಲ್ಲ, ಇದೇ ನಗರದ ಹೆಬ್ಬಾಳದ ಸರ್ಕಾರಿ ಪಶು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ. ತೊಡಕಿರುವುದು ಸೀಸೆಯ ಅಳತೆಯಲ್ಲಿ. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಮದ್ದಿರುತ್ತದೆ, ತಣ್ಣಗಿಟ್ಟೇ ತರಬೇಕು, ಕಲಸಿದ ಮೇಲೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ಬನಶಂಕರಿಯಲ್ಲಿ ನಾಲ್ಕು ಹ್ಯಾಟೆ, ಒಂದು ಹುಂಜ ಸಾಕಿದವರು ಊರಿನ ಇನ್ನೊಂದು ತುದಿಗೆ ಹೋಗಿ ಸೀಸೆ ತಂದು, ತೊಂಬತ್ತೈದು ಪಾಲು ಚರಂಡಿಗೆ ಚೆಲ್ಲಬೇಕೇ? ಹೀಗಾಗಿ ದೊಡ್ಡ ಫಾರಂಗಳಿಗೆ ಸಲೀಸಾಗಿ ಸಿಗುವ ರಕ್ಷಣೆ ಹಿತ್ತಲಿಗೆ ತಲುಪುವುದೇ ಇಲ್ಲ. ಮೊಜಾಂಬಿಕ್‌ನ ಹಳ್ಳಿಗಳು ಇದಕ್ಕೆ ದಾರಿ ಕಂಡುಕೊಂಡಿವೆ: ವರ್ಷಕ್ಕೆ ಮೂರು ಬಾರಿ, ಗೊತ್ತಾದ ತಿಂಗಳಲ್ಲಿ, ತರಬೇತಿ ಪಡೆದ ಊರವರೇ ಮನೆಮನೆಗೆ ಹೋಗಿ ಕಣ್ಣಿಗೆ ಹನಿ ಹಾಕುತ್ತಾರೆ. ಅಲ್ಲಿ ಬಳಸುವ ಐ-2 ಲಸಿಕೆಯ ಮೂಲ ತಳಿ ಸಿದ್ಧವಾದದ್ದು ಆಸ್ಟ್ರೇಲಿಯಾದಲ್ಲಿ. ಸ್ವಲ್ಪ ಬಿಸಿ ತಾಗಿದರೂ ಅದು ಕೆಡುವುದಿಲ್ಲ.

ಜಯನಗರ, ಬಿಟಿಎಂ, ಜೆ.ಪಿ. ನಗರದಂಥ ಕಡೆ ಮನೆಮನೆಗೆ ಹೋಗಬೇಕಾಗಿಯೂ ಇಲ್ಲ. ನಾಯಿಗಳ ರೇಬಿಸ್ ಲಸಿಕೆಗೆ ಸಿಬ್ಬಂದಿ ಹೊರಡುವ ಹಾಗೆಯೇ, ಬೇಸಿಗೆಗೆ ಮೊದಲೊಂದು, ಮಳೆಗಾಲ ಮುಗಿದ ಮೇಲೊಂದು ಭಾನುವಾರ ಗೊತ್ತುಮಾಡಿ, ವಾರ್ಡಿಗೊಂದು ಸೀಸೆ ಒಡೆದರೆ ಸುತ್ತಲಿನ ಕೋಳಿಗಳಿಗೆಲ್ಲ ಸಾಕಾದೀತು. ಕೋಳಿಗಳನ್ನು ಒಂದೆಡೆ ಗುಡ್ಡೆಹಾಕಿ ರೋಗ ಹಂಚುವುದು ಬೇಡ. ಸೀಸೆಯೇ ಓಣಿಗೆ ಬರಲಿ, ಸೀನುತ್ತಿರುವ ಕೋಳಿ ಮನೆಯಲ್ಲೇ ಉಳಿಯಲಿ.

ವರದಿಯ ವಿಷಯವೂ ಇಷ್ಟೇ ಮುಖ್ಯ. ಅನುಸೂಚಿಯಲ್ಲಿರುವ ಸಾಂಕ್ರಾಮಿಕ ರೋಗದ ಶಂಕೆ ಬಂದರೆ ಸಾಕಿದವರು ತಿಳಿಸಲೇಬೇಕೆಂದು 2009ರ ಕೇಂದ್ರ ಕಾಯ್ದೆ ಹೇಳುತ್ತದೆ. ಹಕ್ಕಿಜ್ವರ ಖಚಿತವಾದರೆ ಸುಮಾರು ಒಂದು ಕಿಲೋಮೀಟರ್ ತ್ರಿಜ್ಯದೊಳಗಿನ ಕೋಳಿಗಳನ್ನು ಕೊಲ್ಲುತ್ತಾರೆ. ಪರಿಹಾರ ಸಿಗುವುದು ಹಾಗೆ ಕೊಂದ ಕೋಳಿಗೆ, ಅದಕ್ಕೆ ಮೊದಲೇ ಸತ್ತದ್ದಕ್ಕಲ್ಲ. ಬೇಗ ತಿಳಿಸಿದವರಿಗೇ ಲಾಭ ಎಂಬುದನ್ನು ಯಾರೂ ಬಿಡಿಸಿ ಹೇಳದಿದ್ದರೆ, ನಿಷೇಧದ ಗುಮ್ಮ ತೋರಿಸಿದರೆ, ಸಾಯುವಂತಿರುವ ಕೋಳಿ ಸಾರಾಗುತ್ತದೆ, ಸತ್ತದ್ದು ಹಸಿಕಸದ ಆಟೊ ಸೇರುತ್ತದೆ. ಅದನ್ನು ಬರಿಗೈಲಿ ಎತ್ತುವವರು ಪೌರಕಾರ್ಮಿಕರು.

ಒಂದೆರಡು ದಿನದಲ್ಲಿ ಹಲವು ಕೋಳಿ ಪಟಪಟನೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಮನೆಮದ್ದಿನ ಹೊತ್ತಲ್ಲ. ಕಳೇಬರವನ್ನು ಬರಿಗೈಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಮಾದರಿ ಪರೀಕ್ಷಿಸುವ ದಕ್ಷಿಣ ವಲಯದ ಪ್ರಯೋಗಾಲಯವೂ ಹೆಬ್ಬಾಳದಲ್ಲೇ ಇದೆ. ಶಂಕಿತ ಕೋಳಿಯನ್ನು ಬಸ್ಸಿನಲ್ಲೋ ಆಟೊದಲ್ಲೋ ನಗರದ ಉದ್ದಕ್ಕೂ ಒಯ್ಯುವುದೇ ಅಪಾಯ. ಜಯನಗರದ ಸುತ್ತಿನ ಯಾವುದಾದರೊಂದು ಪಶು ಆಸ್ಪತ್ರೆಯಲ್ಲಿ ಮಾದರಿ ತೆಗೆದುಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಂದೇ ಹೆಬ್ಬಾಳಕ್ಕೆ ಕಳಿಸುವ ಏರ್ಪಾಡನ್ನು ಇಲಾಖೆ ಮತ್ತು ನಗರ ಪಾಲಿಕೆ ಸೇರಿ ಮಾಡಬೇಕು, ಆ ಆಸ್ಪತ್ರೆಯ ಹೆಸರು ಮತ್ತು ಸಮಯವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು.

— ಓದುಗರೊಬ್ಬರು, ಜಯನಗರ, ಬೆಂಗಳೂರು