ಪದಕ್ರಮ ಮೊದಲು ಕಿವಿಗೆ ಬೀಳಲಿ

ಬೋಧನಾಭ್ಯಾಸದಲ್ಲಿ ನಾನು ವೀಕ್ಷಿಸುವ ಇಂಗ್ಲಿಷ್ ಪಾಠಗಳಲ್ಲಿ ವಾಕ್ಯರಚನೆ ಎಂದೊಡನೆ ಮಿಂಚುಪಟ್ಟಿಗಳು ಹೊರಬರುತ್ತವೆ. ಪದಗಳನ್ನು ಅದಲುಬದಲು ಮಾಡಿ ತೋರಿಸಿ, ಸರಿಯಾದ ಕ್ರಮದಲ್ಲಿ ಜೋಡಿಸಲು ಹೇಳುವುದು ರೂಢಿ. ಚಟುವಟಿಕೆ ನೋಡಲು ಚೆನ್ನಾಗಿರುತ್ತದೆ. ಆದರೆ ದೊಡ್ಡಕ್ಷರವಿರುವ ಪಟ್ಟಿ ಮೊದಲಿಗೆ, ಪೂರ್ಣವಿರಾಮವಿರುವುದು ಕೊನೆಗೆ ಎಂದಷ್ಟೇ ತಿಳಿದ ಮಗು ವಾಕ್ಯದ ಅರ್ಥ ಗೊತ್ತಿಲ್ಲದೆಯೂ ಅರ್ಧ ಕೆಲಸ ಮುಗಿಸಿಬಿಡುತ್ತದೆ. ಪ್ರಾಥಮಿಕ ತರಗತಿಗಳಲ್ಲಿ ಪದಕ್ರಮದ ಅಭ್ಯಾಸ ಆಲಿಸುವಿಕೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಹುಡುಗ ನಾಯಿಯನ್ನು ಅಟ್ಟಿಸಿದ’ ಎಂದರೂ ‘ನಾಯಿಯನ್ನು ಹುಡುಗ ಅಟ್ಟಿಸಿದ’ ಎಂದರೂ ಓಡಿದ್ದು ನಾಯಿಯೇ. ‘ಅನ್ನು’ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನ ನಾಮಪದಕ್ಕೆ ಆ ಕಾವಲಿಲ್ಲ. ‘ದ ಬಾಯ್ ಚೇಸ್ಡ್ ದ ಡಾಗ್’ ಎಂಬುದನ್ನು ‘ದ ಡಾಗ್ ಚೇಸ್ಡ್ ದ ಬಾಯ್’ ಎಂದರೆ ಓಡುವವನು ಹುಡುಗ. ವಿಭಕ್ತಿಯನ್ನು ಹುಡುಕುವ ಕಿವಿ ಇನ್ನು ಸ್ಥಾನವನ್ನು ಗಮನಿಸಲು ಕಲಿಯಬೇಕು.

ಆಜ್ಞೆ ಕೊಟ್ಟು ಮಾಡಿಸುತ್ತೇವಲ್ಲ, ಅದು ಆಲಿಸುವಿಕೆಯೇ ಅಲ್ಲವೇ ಎಂದು ನೀವು ಕೇಳಬಹುದು. ಜೇಮ್ಸ್ ಆಶರ್ ಅವರ ಟಿ.ಪಿ.ಆರ್. ವಿಧಾನ ಒಳ್ಳೆಯದೇ. ಆದರೆ ‘ಓಪನ್ ದ ಡೋರ್’ ಎಂಬಲ್ಲಿ ಎರಡು ಪದ ತಿಳಿದರೆ ಸಾಕು, ಕ್ರಮ ಬೇಕಿಲ್ಲ. ‘ದ ಬಾಯ್ ಏಟ್ ದ ಮ್ಯಾಂಗೋ’ ಕೂಡ ಹಾಗೆಯೇ. ಮಾವಿನಹಣ್ಣು ಹುಡುಗನನ್ನು ತಿನ್ನುವುದಿಲ್ಲವೆಂದು ಮಗುವಿಗೆ ಗೊತ್ತು. ‘ಪುಟ್ ದ ಬುಕ್ ಆನ್ ದ ಬ್ಯಾಗ್’, ‘ಪುಟ್ ದ ಬ್ಯಾಗ್ ಆನ್ ದ ಬುಕ್’ ಎಂಬಂತೆ, ಪದಗಳು ಅವೇ ಇದ್ದು ಕ್ರಮ ಮಾತ್ರ ಬದಲಾಗುವ ಜೋಡಿ ವಾಕ್ಯಗಳನ್ನು ಆರಿಸಿಕೊಳ್ಳಿ.

ಹಲಗೆಯ ಮೇಲೆ ಎರಡು ಚಿತ್ರ ಬರೆದು 1, 2 ಎಂದು ಗುರುತಿಸಿ. ವಾಕ್ಯವನ್ನು ಸಹಜ ವೇಗದಲ್ಲಿ ಎರಡು ಸಲ ಹೇಳಿ. ಕೈಸನ್ನೆ ಬೇಡ. ಮಕ್ಕಳು ಸ್ಲೇಟಿನಲ್ಲಿ ಅಂಕಿ ಬರೆದು, ನೀವು ಹೇಳಿದಾಗ ಒಟ್ಟಿಗೆ ಎತ್ತಿ ಹಿಡಿಯಲಿ. ಹೀಗೆ ಜೋಡಿಗಳನ್ನು ಬದಲಿಸುತ್ತ ಹತ್ತು ವಾಕ್ಯ ಹೇಳಿ. ಹತ್ತರಲ್ಲಿ ಐದು ಊಹೆಯಿಂದಲೂ ಸರಿಬರಬಹುದು. ಒಂಬತ್ತು ಸರಿಯಾದರೆ ಆ ಮಗು ಕ್ರಮವನ್ನು ಆಲಿಸುತ್ತಿದೆ ಎನ್ನಬಹುದು. ಆಮೇಲೆ ಅದೇ ವಾಕ್ಯಗಳನ್ನು ಮಕ್ಕಳು ಹೇಳಲಿ. ಮಿಂಚುಪಟ್ಟಿಯ ಸರದಿ ಅದಾದ ಮೇಲೆ.

ಇಂಥ ಪಾಠದಲ್ಲಿ ತರಗತಿ ಬಹುಹೊತ್ತು ಮೌನವಾಗಿರುತ್ತದೆ. ‘ವಿದ್ಯಾರ್ಥಿಗಳ ಭಾಗವಹಿಸುವಿಕೆ’ ಎಂಬ ಅಂಕಣದಲ್ಲಿ ಅಂಕ ಹೋದೀತೆಂದು ಪ್ರಶಿಕ್ಷಣಾರ್ಥಿಗಳು ಹೆದರುವುದು ಸಹಜ. ಆ ಹೆದರಿಕೆ ಇರುವವರೆಗೂ ಅವರು ಪಟ್ಟಿ ಜೋಡಿಸುವ ಆಟವನ್ನೇ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ವೀಕ್ಷಣೆಗೆ ಕುಳಿತಾಗ ಎಷ್ಟು ಮಕ್ಕಳು ಬಾಯಿ ತೆರೆದರು ಎಂಬುದರ ಜೊತೆಗೆ, ಎಷ್ಟು ಸ್ಲೇಟುಗಳಲ್ಲಿ ಸರಿಯಾದ ಅಂಕಿ ಇತ್ತು ಎಂಬುದನ್ನೂ ಎಣಿಸಿ ಅಂಕ ಕೊಡೋಣ.